ಕ್ಲಚ್ಚಿಲ್ಲದ ಗಾಡಿ

ಬೆಳಗಿನ ಚಹಾ ಮುಗಿದ ಕೂಡಲೇ ಬಾಬಾಸಾಹೇಬನ ಅಂಗಳದಲ್ಲಿ ಗಾಡಿಯ ಉಪಚಾರ ಶುರುವಾಗುತ್ತಿತ್ತು. ಮೊದಲು ಗೋಮೂತ್ರ, ಆಮೇಲೆ ಊದಿನಕಡ್ಡಿ, ಆಮೇಲೆ ಚಕ್ರದ ಕೆಳಗೊಂದು ಲಿಂಬೆಹಣ್ಣು. ಇಷ್ಟೆಲ್ಲ ಆದ ಮೇಲೆ ಡ್ರೈವರ್ ಮುರಗೆಪ್ಪ ಇಂಜಿನ್ ಚಾಲೂ ಮಾಡಿ ಗೇರಿನ ಕಡ್ಡಿ ಎಳೆದರೆ, ಗಾಡಿ ಏನೂ ಕೇಳಿಸದವರಂತೆ ನಿಂತೇ ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ಒಮ್ಮೆಲೇ ಜಿಗಿಯುತ್ತಿತ್ತು. ಜಿಗಿದ ಮೇಲೂ ಒಂದನೇ ಗೇರಿನಲ್ಲೇ ಕಿರಿಚುತ್ತ ಊರು ದಾಟುತ್ತಿತ್ತು. ಎರಡನೆಯದಕ್ಕೆ ಹೋಗಬೇಕೆಂದರೆ ಇಂಜಿನ್ ಕಾದು ಹೊಗೆ ಬರಬೇಕು. ಚಳಿ ಬಿದ್ದ ಮುಂಜಾನೆಯಂತೂ ಅದರ ಹಟ ಹೇಳತೀರದು.

ಕ್ಲಚ್ಚೇ ಇಲ್ಲದ, ತಾನಾಗಿಯೇ ಗೇರು ಬದಲಿಸುವ ಹಳೆಯ ಪಿಕಪ್ ಅದು. ಆಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಯಾವುದೋ ವಿದೇಶಿ ಕಂಪನಿಯವರು ಹೋಗುವಾಗ ಹರಾಜಿಗಿಟ್ಟಿದ್ದರು. ಕಾಗವಾಡದ ಸುತ್ತಮುತ್ತ ಇನ್ನಾರ ಬಳಿಯೂ ಅಂಥದ್ದಿಲ್ಲ ಎಂಬ ಒಂದೇ ಕಾರಣಕ್ಕೆ ಬಾಬಾಸಾಹೇಬ ಕೊಂಡುಕೊಂಡ. ದ್ರಾಕ್ಷಿಯ ಪೆಟ್ಟಿಗೆ ಹೊರುವುದಕ್ಕಿಂತ ಹೆಚ್ಚಾಗಿ ಅದು ಅವನ ದೊಡ್ಡಸ್ತಿಕೆಯನ್ನು ಹೊರುತ್ತಿತ್ತು.

ಗಾಡಿ ಯಾಕೆ ಕೆಟ್ಟಿತು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಬಾಸಾಹೇಬನ ಅಣ್ಣ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಣ್ಣನ ಹೆಂಡತಿ ಸಾವಿತ್ರೆವ್ವ ದಸರೆ ಮುಗಿದ ವಾರ ತೋಟದಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿ ಕೆಲಸ ಮಾಡುವಾಗ ಬಿದ್ದು ಕೈ ಉಳುಕಿಸಿಕೊಂಡಳು. ಅಥಣಿಯ ದವಾಖಾನೆಗೆ ಕರೆದೊಯ್ಯುವಾಗ ಹಿಂದೆ ಕೂತರೆ ಕೈ ಅಲುಗುತ್ತದೆಂದು ಮುರಗೆಪ್ಪ ಆಕೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಗಾಡಿ ನಡುದಾರಿಯಲ್ಲಿ ನಿಂತಿತು. ವಿಧವೆ ಮುಂದೆ ಕೂತಳು, ಗಾಡಿ ನಿಂತಿತು. ಇದಕ್ಕಿಂತ ಹೆಚ್ಚು ಯೋಚಿಸುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ.

"ನಾ ಅಲ್ಲರಿ ಹೇಳೂದು, ಊರ ಹೇಳತೈತಿ," ಎನ್ನುತ್ತಿದ್ದಳು ಬಾಬಾಸಾಹೇಬನ ಹೆಂಡತಿ ಸೋನಾಬಾಯಿ. ಊರಿಗೆ ಹೇಳಿದವಳು ಅವಳೇ. ಗಾಡಿ ಹೊರಡುವಾಗ ಸಾವಿತ್ರೆವ್ವ ಹಿತ್ತಲಲ್ಲಿರಬೇಕು ಎಂದಾಯಿತು. ಬೋನೆಟ್ಟಿಗೆ ಹಳದಿ ದಾರ ಬಂತು. ಗೇರು ಮಾತ್ರ ಬದಲಾಗಲಿಲ್ಲ. ಕಡೆಗೆ ಆಕೆಯನ್ನೇ ಮನೆಯಿಂದ ಕಳಿಸುವುದೆಂದು ನಿಶ್ಚಯವಾಯಿತು. ಆ ತೋಟದ ಮೊದಲ ಬಳ್ಳಿಯನ್ನು ಗಂಡನ ಜೊತೆ ನೆಟ್ಟವಳು ಆಕೆ ಎಂಬುದು ಯಾರಿಗೂ ನೆನಪಾಗಲಿಲ್ಲ.

"ವೈನಿ, ಸ್ವಲ್ಪ ದಿನ ಅಲಖನೂರಾಗ ನಿಮ್ಮ ತಮ್ಮನ ಕಡೆ ಇದ್ದ ಬರ್ರಿ," ಎಂದ ಬಾಬಾಸಾಹೇಬ, ಆಕೆಯ ಮುಖ ನೋಡದೆ.

"ನೀವ ಹೇಳೂದು ಸ್ವಲ್ಪ ದಿನ. ಸೋನಾಬಾಯಿ ಕಟ್ಟಿದ್ದು ಇಡೀ ಟ್ರಂಕ," ಎಂದಳು ಸಾವಿತ್ರೆವ್ವ.

ಗಾಡಿಯನ್ನು ನಿಪ್ಪಾಣಿಯ ಮಿಸ್ತ್ರಿ ಜ್ಞಾನದೇವನಿಗೆ ತೋರಿಸುವುದಿತ್ತು. ಸಾವಿತ್ರೆವ್ವನ ತಮ್ಮ ಧರೆಪ್ಪ ಕಬ್ಬಿನ ಹೊಲದಿಂದ ಮನೆಗೆ ಬರುವುದು ಸಂಜೆಯೇ. ಹಾಗಾಗಿ ಮೊದಲು ನಿಪ್ಪಾಣಿಗೆ ಹೋಗಿ, ಬರುವಾಗ ರಾಯಬಾಗದ ಹತ್ತಿರ ತಿರುಗಿ ಆಕೆಯನ್ನು ಅಲಖನೂರಿನಲ್ಲಿ ಇಳಿಸುವುದೆಂದು ಠರಾವಾಯಿತು. ಬಾಬಾಸಾಹೇಬ ಮುಂದೆ ಕೂತ. ಸಾವಿತ್ರೆವ್ವ ಹಿಂದೆ ಸಾಮಾನು ಹೇರುವ ತೆರೆದ ಡಬ್ಬಿಯಲ್ಲಿ, ತನ್ನ ಟ್ರಂಕಿನ ಮೇಲೆ, ಸೆರಗು ಬಿಗಿದುಕೊಂಡು ಕೂತಳು. ದಾರಿಯುದ್ದಕ್ಕೂ ಗಾಡಿ ಕುಂಟಿತು. ಮುಂದಿನ ಸೀಟಿನಲ್ಲಿ ಆಗ ಮುತ್ತೈದೆಯ ಗಂಡನೇ ಕೂತಿದ್ದರೂ ಅದಕ್ಕೆ ಸಮಾಧಾನವಾದಂತೆ ಕಾಣಲಿಲ್ಲ.

ಜ್ಞಾನದೇವ ಮುಂಬೈಯ ಗ್ಯಾರೇಜುಗಳಲ್ಲಿ ಪರದೇಶದ ಗಾಡಿ ಬಿಚ್ಚಿ ಬಂದವನು, ಅದನ್ನು ಯಾರಿಗೂ ಮರೆಯಗೊಡದವನು. ಎಲೆಯಡಿಕೆ ತುಂಬಿದ ಬಾಯಿಯಲ್ಲಿ ಗಿರಾಕಿಯನ್ನು ಬೈಯುವುದು ಅವನ ನಿತ್ಯದ ಕೆಲಸ. ಮೊದಲು ಅವನ ಕಣ್ಣಿಗೆ ಬಿದ್ದದ್ದು ಬೋನೆಟ್ಟಿನ ಹಳದಿ ದಾರ.

"ಕಾಯ್ ರಾವ್, ಗಾಡಿ ಲಗ್ನಕ್ಕ ತಂದೀರೋ, ದುರಸ್ತಿಗೆ ತಂದೀರೋ?" ಎಂದ. "ಯಾವಾಗಿಂದ ಹಿಂಗ ಮಾಡಾಕತ್ತೈತಿ?"

"ಈಕಿ ಮುಂದ ಕುಂತ ದಿವಸದಿಂದ," ಎಂದ ಬಾಬಾಸಾಹೇಬ, ಹಿಂದಕ್ಕೆ ಕೈ ತೋರಿಸಿ.

ಜ್ಞಾನದೇವ ತಿರುಗಿ ನೋಡಿದ. ಉಳುಕಿದ ಕೈಗೆ ಬಟ್ಟೆ ಸುತ್ತಿಕೊಂಡ ಹೆಂಗಸು ಟ್ರಂಕಿನ ಮೇಲೆ ಕೂತಿದ್ದಳು. ಅವನು ಎಲೆಯಡಿಕೆ ಉಗುಳಿದ.

"ಈ ಬಾಯಿಯಾರು ಗೇರಬಾಕ್ಸಿನ್ಯಾಗ ಕುಂತಿದ್ರೇನು?"

ಇಂಜಿನ್ ಚಾಲೂ ಇರುವಾಗಲೇ ಅವನು ಬೋನೆಟ್ ಎತ್ತಿ, ಗೇರಿನ ಎಣ್ಣೆ ಅಳೆಯುವ ಉದ್ದನೆಯ ಕಡ್ಡಿಯನ್ನು ಎಳೆದ. ತುದಿಯನ್ನು ಬೆರಳಲ್ಲಿ ಒರೆಸಿ ಉಜ್ಜಿದ, ಮೂಸಿದ. ಮುಖ ಕಿವುಚಿದ. ಆ ಎಣ್ಣೆ ಕಾಕಂಬಿಯಂತೆ ಬೆರಳಿಗೆ ಅಂಟಿಕೊಂಡಿತ್ತು.

"ಈ ಗೇರಿಗೆ ಬೇಕಾಗಿದ್ದು ತೆಳ್ಳನ ಕೆಂಪ ಎಣ್ಣಿ. ಎಣ್ಣಿ ಒತ್ತಡದ ಮ್ಯಾಲೇ ಇದರಾಗ ಗೇರ ಬೀಳೂದು. ಇದು ಟ್ರ್ಯಾಕ್ಟರದ ಎಣ್ಣಿ. ಇಷ್ಟ ದಪ್ಪ ಎಣ್ಣಿ ಒಳಗಿನ ಸಣ್ಣ ತೂತಿನ್ಯಾಗ ಹ್ಯಾಂಗ ಹರೀಬೇಕು? ಯಾವ ಶಾಣ್ಯಾ ಸುರದಾನ ಇದನ್ನ?"

ಮುರಗೆಪ್ಪ ತನ್ನ ಚಪ್ಪಲಿ ನೋಡುತ್ತಿದ್ದ. ಬಾಬಾಸಾಹೇಬ ರಸ್ತೆಯಲ್ಲಿ ಹೋಗುತ್ತಿದ್ದ ತಂಬಾಕಿನ ಲಾರಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಆ ಶಾಣ್ಯಾ, ಆ ಜಾಣ, ಬಾಬಾಸಾಹೇಬನೇ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಮನೆಯ ಕಬ್ಬಿಣಕ್ಕೆಲ್ಲ ಯಜಮಾನ ತನ್ನ ಕೈಯಾರೆ, ಒಂದೇ ಡಬ್ಬಿಯಿಂದ ಎಣ್ಣೆ ಹಾಕುವುದು ಆ ಮನೆತನದ ಪದ್ಧತಿ. ಅವನ ಅಪ್ಪನ ಕಾಲದಲ್ಲಿ ಅದು ಚಕ್ಕಡಿಯ ಅಚ್ಚಿಗೂ ಕುಡುಗೋಲಿಗೂ ಮುಗಿಯುತ್ತಿತ್ತು, ಯಾವುದಕ್ಕೂ ನಷ್ಟವಾಗುತ್ತಿರಲಿಲ್ಲ. ಬಾಬಾಸಾಹೇಬ ಆ ವರ್ಷ ಟ್ರ್ಯಾಕ್ಟರಿಗೆ, ಪಂಪಿಗೆ ಹಾಕಿ, ಉಳಿದದ್ದನ್ನು ಧಾರಾಳವಾಗಿ ಪಿಕಪ್ಪಿನ ಗೇರಿನ ನಳಿಗೆಗೆ ಸುರಿದು ಕುಂಕುಮ ಹಚ್ಚಿದ್ದ.

"ಪೂಜಾಕ್ಕ ಹಾಕೀವ್ರಿ. ಹಿರ್ಯಾರಿಂದ ಬಂದ ಪದ್ಧತಿ," ಎಂದ ಕಡೆಗೆ. "ಆದ್ರ ಅವತ್ತ ಏನೂ ಆಗಿದ್ದಿಲ್ಲ. ಈಕಿ ಕುಂತಿಂದನ ಆಗಿದ್ದು."

ಆಗ ಮುರಗೆಪ್ಪ ಬಾಯಿಬಿಟ್ಟ. "ಅವತ್ತ ಸಂಜೀಕ್ಕೇ ಆಗಿತ್ರಿ ಸಾಹೇಬ್ರ. ಹನಮಪ್ಪನ ಗುಡಿ ತಿರುವಿನ್ಯಾಗ ಗಾಡಿ ಎಳೀಲಿಲ್ಲ. ಹೋಳಿಗಿ ಭಾಳ ತಿಂದೈತಿ ಅಂತ ನೀವ ನಕ್ಕಿದ್ರಿ. ವೈನಿಯಾರು ಬಿದ್ದಿದ್ದು ಅದಾದ ಮ್ಯಾಲ."

"ಮತ್ತ ಇಷ್ಟ ದಿನ ಯಾಕ ಸುಮ್ಮನಿದ್ದಿ?" ಎಂದು ಬಾಬಾಸಾಹೇಬ ಗದರಿದ.

"ವೈನಿಯಾರ ಹೆಸರ ಬಂದಿತ್ರಿ. ಇಲ್ಲಂದ್ರ ನನ್ನ ಹೆಸರ ಬರತಿತ್ತು."

ಇಬ್ಬರು ಗಂಡಸರು ಒಂದು ಹೆಂಗಸಿನ ಸೆರಗಿನ ಹಿಂದೆ ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದರು. ಸಾವಿತ್ರೆವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ, ಬೈಯಲಿಲ್ಲ. ಆಕೆಯ ಮುಖದಲ್ಲಿ ಇದ್ದದ್ದು ಹೇಸಿಗೆ.

ಜ್ಞಾನದೇವ ಗೇರಿನ ತಳದ ತಟ್ಟೆ ಬಿಚ್ಚಿ ಹಳೆಯ ಎಣ್ಣೆ ಹೊರಚೆಲ್ಲಿದ, ಜಾಲರಿ ತೊಳೆದ, ಯಾವುದೋ ತಂಬಾಕು ವ್ಯಾಪಾರಿಯ ಪರದೇಶದ ಕಾರಿಗೆಂದು ತರಿಸಿಟ್ಟಿದ್ದ ಕೆಂಪೆಣ್ಣೆ ತುಂಬಿದ. ಒಳಗೆ ಉಳಿದ ಕೊಳೆ ಬರಲೆಂದು ಗಾಡಿ ನಡೆಸಿ, ಮತ್ತೆ ಹೊರಚೆಲ್ಲಿ ಮತ್ತೆ ತುಂಬಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೈ ಒರೆಸಿಕೊಂಡು, "ಈಗ ಟ್ರಯಲ್," ಎಂದ. ಬಾಬಾಸಾಹೇಬ ಮುಂದಿನ ಬಾಗಿಲಿಗೆ ಕೈ ಹಾಕಿದ.

"ನೀವ ಹಿಂದ," ಎಂದ ಜ್ಞಾನದೇವ. "ಗಾಡಿ ಯಾವ ಹಾಲತ್ತಿನ್ಯಾಗ ಕೆಟ್ಟಿತ್ತಂತೀರಿ, ಅದೇ ಹಾಲತ್ತಿನ್ಯಾಗ ನಾ ಪರೀಕ್ಷಾ ಮಾಡಾಂವ. ಬಾಯಿನ್ನ ಮುಂದ ಕುಂದರಸ್ರಿ. ಇಲ್ಲಂದ್ರ ನನ್ನ ಗ್ಯಾರಂಟಿ ಇಲ್ಲ."

ಗ್ಯಾರಂಟಿ ಬಿಟ್ಟು ಹೋಗುವ ಧೈರ್ಯ ಬಾಬಾಸಾಹೇಬನಿಗಿರಲಿಲ್ಲ. ಸಾವಿತ್ರೆವ್ವ ಕೆಳಗಿಳಿದು ಬಂದು ಮುಂದೆ ಕಿಟಕಿಯ ಪಕ್ಕ ಕೂತಳು, ಜ್ಞಾನದೇವ ಸ್ಟೇರಿಂಗ್ ಹಿಡಿದ. ದ್ರಾಕ್ಷಿ ತೋಟದ ಯಜಮಾನರು ಬಿಳಿ ಟೊಪ್ಪಿಗೆ ಹಿಡಿದುಕೊಂಡು ಹಿಂದೆ ಟ್ರಂಕಿನ ಮೇಲೆ ಕೂತರು. ತವಂದಿ ಘಾಟಿನ ಏರಿನಲ್ಲಿ ಗಾಡಿ ಒಂದು, ಎರಡು, ಮೂರು ಎಂದು ಗೇರು ಬದಲಿಸಿದ್ದು ಯಾರಿಗೂ ಗೊತ್ತಾಗದಷ್ಟು ಮೆತ್ತಗೆ ಏರಿತು.

"ಬಾಯಿ ಕುಂತಿಂದ ಗಾಡಿ ಸುಧಾರಿಸಿತು ನೋಡ್ರಿ," ಎಂದು ಜ್ಞಾನದೇವ ಹಿಂದಿನ ಕಿಟಕಿಗೆ ಕೇಳುವಂತೆ ಹೇಳಿದ.

ಗ್ಯಾರೇಜಿನಲ್ಲಿ ಅವನು ಇಳಿದ, ಮುರಗೆಪ್ಪ ಸ್ಟೇರಿಂಗಿಗೆ ಕೂತ. ಸಾವಿತ್ರೆವ್ವ ಇಳಿಯಲಿಲ್ಲ. ಅತ್ತಿಗೆಗೆ ಮೈ ತಾಗುವಂತೆ ನಡುವೆ ಕೂರುವುದು ಬಾಬಾಸಾಹೇಬನಿಗೆ ಸರಿಕಾಣಲಿಲ್ಲ. ಇಳಿಯಿರಿ ಎನ್ನಲು ಬಾಯಿ ಬರಲಿಲ್ಲ. ಮತ್ತೆ ಹಿಂದೆಯೇ ಹತ್ತಿದ. ಚಿಕ್ಕೋಡಿ ದಾಟುವವರೆಗೂ ಬಿಸಿಲು ಅವನ ಬೆನ್ನು ಸುಟ್ಟಿತು, ಟ್ರಂಕಿನ ಅಂಚು ತೊಡೆಗೆ ಒತ್ತಿತು. ಮುಂಜಾನೆ ಇದೇ ದಾರಿಯನ್ನು ಆಕೆ ಉಳುಕಿದ ಕೈ ಹಿಡಿದುಕೊಂಡು ಹೀಗೆಯೇ ಬಂದಿದ್ದಳೆಂಬುದು ಮೊದಲ ಸಲ ಅವನ ತಲೆಗೆ ಹೋಯಿತು. ಅವನಿಗೆ ನಾಚಿಕೆಯಾಯಿತು.

ರಾಯಬಾಗದ ಹತ್ತಿರ ಅಲಖನೂರಿನ ದಾರಿ ಒಡೆಯುವಲ್ಲಿ ಮುರಗೆಪ್ಪ ಗಾಡಿ ನಿಧಾನ ಮಾಡಿದ. "ಯಾ ಕಡೆ ಹೋಗೂದ್ರಿ?" ಎಂದು ಕತ್ತು ಹೊರಗೆ ಹಾಕಿ ಕೇಳಿದ. ತಿರುಗಬೇಡ, ಮನೆ ಕಡೆ ನಡೆ ಎಂಬಂತೆ ಬಾಬಾಸಾಹೇಬ ಗಾಡಿಯ ತಗಡನ್ನು ಬಡಿದ.

"ನಿಲ್ಲಸೋ ಮುರಗೆಪ್ಪ," ಎಂದಳು ಸಾವಿತ್ರೆವ್ವ. ಹಿಂದಿನ ಕಿಟಕಿಯ ಕಡೆ ತಿರುಗಿದಳು. "ಬಾಬಾಸಾಹೇಬ್ರ, ತಗಡ ಬಡದ ಹೇಳಬ್ಯಾಡ್ರಿ. ಬಾಯಿಲೆ ಹೇಳ್ರಿ."

"ಮನಿಗೆ ನಡೀರಿ ವೈನಿ."

"ಮನ್ಯಾಗ ಏನ ಹೇಳತೀರಿ?"

ಅವನು ಟೊಪ್ಪಿಗೆ ತೆಗೆದು ಬೆವರೊರೆಸಿಕೊಂಡ. "ಹಳೇ ಗಾಡಿ, ಒಳಗ ಏನೋ ಸುಟ್ಟಿತ್ತು ಅಂತ ಹೇಳಿದ್ರಾತು."

"ಹಂಗಾರ ಅಲಖನೂರ ಕಡೆ ತಿರುಗಸೋ, ಮುರಗೆಪ್ಪ. ಇನ್ನೊಮ್ಮೆ ಏನರ ಕೆಟ್ರ ಮತ್ತ ನನ್ನ ಹೆಸರ ಬರೂದು ಬ್ಯಾಡ."

ಮುರಗೆಪ್ಪ ಸ್ಟೇರಿಂಗ್ ತಿರುಗಿಸಿದ. ಮುಂದಿನ ಚಕ್ರ ಕಚ್ಚಾ ದಾರಿಗಿಳಿದಾಗ ಹಿಂದಿನಿಂದ ಧ್ವನಿ ಬಂತು. "ಇದ್ದದ್ದು ಇದ್ದಂಗ ಹೇಳತೀನ್ರಿ ವೈನಿ. ಮನಿಗೆ ನಡೀರಿ."

ಗಾಡಿ ಮನೆ ಮುಟ್ಟಿದಾಗ ಬಾಗಿಲಲ್ಲಿ ಸೋನಾಬಾಯಿ ದೃಷ್ಟಿ ತೆಗೆಯಲು ಲಿಂಬೆಹಣ್ಣು ಹಿಡಿದು ನಿಂತಿದ್ದಳು. ಪಕ್ಕದ ಮನೆಯ ಹೆಂಗಸರೂ ಇದ್ದರು. ಮುಂದಿನ ಸೀಟಿನಲ್ಲಿ ಕೂತವಳನ್ನು ಕಂಡು ಸೋನಾಬಾಯಿಯ ಕೈ ಅಲ್ಲೇ ನಿಂತಿತು. ಹಿಂದಿನಿಂದ ಗಂಡ ಇಳಿದ, ಮೈತುಂಬ ಧೂಳು.

"ಲಿಂಬೆಹಣ್ಣ ಬ್ಯಾಡ," ಎಂದ ಅವನು, ಎಲ್ಲರಿಗೂ ಕೇಳುವಂತೆ. "ಪೂಜಾದ ದಿನ ಟ್ರ್ಯಾಕ್ಟರ ಎಣ್ಣಿ ಹಾಕಿ ಗಾಡಿ ಕೆಡಿಸಿದಾಂವ ನಾನು. ವೈನಿ ಕುಂತಿದ್ದು ಅದಾದ ಮ್ಯಾಲ. ನಾವೆಲ್ಲಾ ಸುಳ್ಳ ಅವರ ಹೆಸರ ತಗೊಂಡ್ವಿ."

ಬಾಬಾಸಾಹೇಬ ತಾನೇ ಟ್ರಂಕನ್ನು ಇಳಿಸಿ ಒಳಗೆ ಹೊತ್ತುಕೊಂಡು ಹೋದ. ಸಾವಿತ್ರೆವ್ವ ಕೆಳಗಿಳಿದು, ಸೋನಾಬಾಯಿಯ ಕೈಯಿಂದ ಲಿಂಬೆಹಣ್ಣನ್ನು ತೆಗೆದುಕೊಂಡಳು.

"ಕೊಡವಾ, ಶರಬತ್ತರ ಮಾಡತೀನಿ," ಎಂದಳು. "ಹಿಂದ ಕುಂತ ಬಂದಾರ, ಬಿಸಲ ಭಾಳ ಬಡದೈತಿ."