ಸುಂದರಬಾಯಿಯ ಬಟ್ಟಿ ಜಾರಿರಲಿಲ್ಲ

ನಮ್ಮ ದುಬಲಗುಂಡಿಯಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದರೆ ಮೊದಲು ಹೋಗುವುದು ಸುಂದರಬಾಯಿ ಆಯಿಯ ಮನೆಗೆ. ಭಾರ ಎತ್ತಿದಾಗ ಹೊಕ್ಕುಳಿನ ಮಿಡಿತ ಜಾಗ ಬಿಟ್ಟು ಸರಿಯುತ್ತದೆ, ನೋವು ಅದರಿಂದಲೇ ಎಂದು ಇಲ್ಲಿನವರ ನಂಬಿಕೆ. ಅದಕ್ಕೆ ಬಟ್ಟಿ ಜಾರುವುದು ಅನ್ನುತ್ತೇವೆ. ಆಯಿ ಎಣ್ಣೆ ಹಚ್ಚಿ, ಹೊಟ್ಟೆ ತಿಕ್ಕಿ, ಅದನ್ನು ಜಾಗಕ್ಕೆ ತರುತ್ತಾಳೆ. ನಾನು ರತ್ನಮಾಲಾ, ಈ ಊರಿನ ಆಶಾ ಕಾರ್ಯಕರ್ತೆ. ಚಿಕ್ಕವಳಿದ್ದಾಗ ನಾನೂ ಆಯಿಯ ಮುಂದೆ ಹೊಟ್ಟೆ ಕೊಟ್ಟು ಮಲಗಿದವಳೇ. ಆ ಬೆಚ್ಚಗಿನ ಕೈ ತಾಗಿದರೆ ಸಾಕು, ಕಣ್ಣು ತಾನೇ ಮುಚ್ಚುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ತೊಗರಿ ರಾಶಿ ಮುಗಿದ ವಾರ ಹೊಟ್ಟೆನೋವು ಆಯಿಗೇ ಬಂತು. ವಯಸ್ಸು ಅರವತ್ತನಾಲ್ಕು. ತನ್ನ ಬಟ್ಟಿಯನ್ನು ತಾನೇ ತಿಕ್ಕಿಕೊಳ್ಳಬಾರದು ಎಂಬುದು ಈ ಕೆಲಸದವರ ಕಟ್ಟಳೆ. ಹೀಗಾಗಿ ಬಸವಕಲ್ಯಾಣದಿಂದ ಅಂಬುಬಾಯಿ ಬರಬೇಕಿತ್ತು. ಅವಳಿಗೆ ಈ ಕೆಲಸ ಕಲಿಸಿದವಳು ಆಯಿಯೇ.

ಬೆಳಿಗ್ಗೆ ನಾನು ಹೋದಾಗ ಆಯಿ ಕೌದಿಯ ಮೇಲೆ ಮಲಗಿದ್ದಳು. ಕಿಟಕಿಯ ಬಿಸಿಲು ಅವಳ ಉಬ್ಬಿದ ಹೊಟ್ಟೆಯ ಮೇಲೆ ಬಿದ್ದಿತ್ತು. ಕಣ್ಣು ಅರ್ಧ ತೆರೆದಿತ್ತು.

"ರತ್ನಾ, ಬಂದೇನವ್ವಾ? ನಾ ಈಗ ನಮ್ಮವ್ವನ ಹೊಟ್ಯಾಗ ಇದ್ದೆ ನೋಡು. ಬೆಚ್ಚಗ ನೀರು. ಯಾರೋ ಹೊಕ್ಕಳ ಹಿಡದು ಮೆಲ್ಲಕ ಜಗ್ಗಾಕತ್ತಿದ್ರು."

ಆ ಮಾತು ಕೇಳಿ ನಾನು ಅವಳ ಹಣೆ ಮುಟ್ಟಿ ನೋಡಿದೆ. ಪಕ್ಕದಲ್ಲಿ ಅವಳ ಗಂಡ ದೇವಿಂದ್ರಪ್ಪ ಮುತ್ಯಾ ಎಣ್ಣೆಯ ಬಟ್ಟಲು ಹಿಡಿದು ಕೂತಿದ್ದ.

"ವಾಂತಿ ಆಗ್ಯಾದೇನ್ ಮುತ್ಯಾ?"

"ನಿನ್ನಿ ಸಂಜೀಲಿಂದ ನಾಕ್ ಸಲ ಆಗ್ಯಾದ. ಹಸರ ಹಸರ."

"ಹೊರಕಡಿ?"

"ಇಲ್ಲ. ಗ್ಯಾಸ್ ಸುದಾ ಹೋಗವಲ್ದು. ಔಡಲೆಣ್ಣಿ ಕುಡಸ್ತೀನಿ, ಸಾಫ್ ಆಗ್ತದ."

"ಬ್ಯಾಡ ಮುತ್ಯಾ! ಕರುಳಿನ ದಾರಿ ಕಟ್ಟಿದಂಗ ಕಾಣ್ತದ. ಅದರ ಮ್ಯಾಲ ಜುಲಾಬ ಕೊಟ್ರ ಕರುಳು ಒಡೀತದ. ಹುಮನಾಬಾದಿಗಿ ಹೋಗೂನು, ಏಳ್ರಿ."

"ಬಟ್ಟಿ ಜಾರಿದ್ದಕ್ಕ ದವಾಖಾನಿ ಯಾಕ? ಇಷ್ಟು ಮಂದಿದು ನೋವು ಬಿಡಿಸಿದಾಕಿ ತಾನೇ ಡಾಕ್ಟರ ಹಂತೇಕ ಹೋಗ್ಯಾಳ ಅಂತ ಊರ ಮಂದಿ ನಗತಾರ. ಅಂಬುಬಾಯಿ ಬರಾಕತ್ತಾಳ, ತಡಿ."

ನನಗೆ ಸಿಟ್ಟು ನೆತ್ತಿಗೇರಿತು. ಬಟ್ಟಲು ಕಸಿದು ದೂರ ಇಟ್ಟೆ. ಯಾರನ್ನೂ ಕೇಳದೆ 108ಕ್ಕೆ ಫೋನ್ ಹಚ್ಚಿದೆ. ಅಷ್ಟರಲ್ಲಿ ಅಂಬುಬಾಯಿ ಬಸ್ಸಿಳಿದು ಬಂದಳು.

ಅವಳು ಕೈ ತೊಳೆದು ಎಣ್ಣೆ ಹಚ್ಚಿಕೊಂಡಳು. ಮೂರು ಬೆರಳನ್ನು ಹೊಕ್ಕುಳಿನ ಮೇಲೆ ಹಗುರಾಗಿ ಇಟ್ಟು ಕಣ್ಣು ಮುಚ್ಚಿದಳು. ಬಾಗಿಲಾಚೆ ತೊಗರಿ ಹೊಟ್ಟಿನ ಧೂಳು ಬಿಸಿಲಲ್ಲಿ ನಿಧಾನಕ್ಕೆ ತೇಲುತ್ತಿತ್ತು. ಹೊತ್ತು ನಿಂತೇಹೋದಂತೆ ಅನಿಸಿತು. ಇವಳು ತಿಕ್ಕಲು ಶುರು ಮಾಡಿದರೆ ಹೇಗೆ ತಡೆಯಲಿ ಎಂದು ಯೋಚಿಸುತ್ತಾ ನಾನು ಹತ್ತಿರ ಸರಿದು ಕೂತೆ.

"ಅಕ್ಕಾ," ಅಂದಳು ಅಂಬುಬಾಯಿ, "ನೀ ಕಲಿಸಿದಂಗೇ ನೋಡೀನಿ. ಮಿಡಿತ ಜಾಗಾದಾಗೇ ಅದ. ಬಟ್ಟಿ ಜಾರಿಲ್ಲ. ಇದು ನನ್ನ ಕೈಲಿ ಆಗೂದಲ್ಲ."

ಕೈಯ ಎಣ್ಣೆ ಒರೆಸಿಕೊಂಡಳು. ಮುತ್ಯಾ ಅವಳ ಮುಖವನ್ನೇ ನೋಡಿದ. ಆಮೇಲೆ ಎದ್ದು ಆಯಿಯ ಶಾಲು ತೆಗೆದುಕೊಂಡ.

"ರತ್ನಾ, ಗಾಡಿ ಎಲ್ಲೀತನ ಬಂದದ ಕೇಳು."

ಅಂಬುಬಾಯಿಯೂ ನಮ್ಮ ಜೊತೆ ಬಂದಳು. ಹುಮನಾಬಾದಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಮಧ್ಯಾಹ್ನವೇ ಆಪರೇಶನ್ನೂ ಆಯಿತು. ಹೊರಗೆ ಬಂದ ಡಾಕ್ಟರಮ್ಮ ನಮ್ಮನ್ನು ಕೂರಿಸಿ ತಿಳಿಸಿ ಹೇಳಿದರು.

"ಕೂಸು ತಾಯಿ ಹೊಟ್ಯಾಗ ಇದ್ದಾಗ ಹೊಕ್ಕಳದಿಂದ ಕರುಳಿಗಿ ಒಂದು ಸಣ್ಣ ನಳಿ ಇರ್ತದರಿ. ಹುಟ್ಟೂದಕ್ಕಿಂತ ಮೊದಲೇ ಅದು ಹೋಗಿಬಿಡಬೇಕು. ನೂರರಾಗ ಸುಮಾರು ಇಬ್ಬರಿಗಿ ಅದರ ತುಂಡು ಉಳೀತದ, ಸಣ್ಣ ಕರುಳಿಗಿ ಅಂಟಿದ ಹೆಬ್ಬೆರಳಿನಷ್ಟು ಚೀಲ. ಬಹಳ ಮಂದಿಗಿ ಜೀವನಪೂರ್ತಿ ಏನೂ ಆಗಲ್ಲ. ಕೆಲವರಿಗಿ ಮಾತ್ರ ವಯಸ್ಸಾದ ಮ್ಯಾಲೂ ಕಾಡ್ತದ. ರಕ್ತ ಸೋರ್ತದ, ಬಾವು ಬರ್ತದ, ಇಲ್ಲಾ ದಾರಿ ಕಟ್ತದ. ಇವರಿಗಿ ಚೀಲದಿಂದ ಹೊಕ್ಕಳಿಗಿ ಒಂದು ಎಳಿ ಉಳಿದಿತ್ತು. ಕರುಳು ಅದಕ್ಕ ಸುತ್ತಿಕೊಂಡಿತ್ತು. ಚೀಲ ತೆಗದೀವಿ, ಕರುಳು ಉಳದದ."

"ನಾ ತಿಕ್ಕಿದ್ದರ?" ಅಂಬುಬಾಯಿ ಕೇಳಿದಳು.

"ಕರುಳು ಹರೀಬಹುದಿತ್ತು."

ಅಂಬುಬಾಯಿ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಅತ್ತುಬಿಟ್ಟಳು. ಸಂಜೆ ಎಚ್ಚರಾದ ಆಯಿ ಬಿಳಿ ಗೋಡೆ, ಬಿಳಿ ಹಾಸಿಗೆ ನೋಡಿ, "ಮೋಡದ ಮ್ಯಾಲ ಮಲಗಿಸೀರೇನು?" ಎಂದು ಕೇಳಿದಾಗ ಅಳುತ್ತಲೇ ಎಲ್ಲರೂ ನಕ್ಕೆವು.

ಮೊನ್ನೆ ಹತ್ತಿರದ ಘಾಟಬೋರಾಳದ ಗೌಸ ಎಂಬವನು ಹೊಟ್ಟೆ ಹಿಡಿದುಕೊಂಡು ಆಯಿಯ ಬಾಗಿಲಿಗೆ ಬಂದ. ಆಯಿ ಎಣ್ಣೆಗೆ ಕೈ ಹಾಕಲಿಲ್ಲ. "ವಾಂತಿ ಆಗ್ಯಾದೇನು? ಹೊಟ್ಟಿ ಉಬ್ಬ್ಯಾದೇನು? ಹೊರಕಡಿಗಿ ಕರ್ರಗ ಇಲ್ಲಾ ಕೆಂಪಗ ಹೋಗ್ಯಾದೇನು?" ಎಂದು ಕೇಳಿದಳು. ಕೊನೆಯ ಮಾತಿಗೆ ಅವನು ಹೌದೆಂದು ತಲೆಯಾಡಿಸಿದ. ಈ ಸಲ 108ಕ್ಕೆ ಫೋನ್ ಮಾಡಿದ್ದು ದೇವಿಂದ್ರಪ್ಪ ಮುತ್ಯಾ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಹಿರಿಯರಿಗೂ ಹೊಟ್ಟೆನೋವಿನ ಜೊತೆ ಇವುಗಳಲ್ಲಿ ಒಂದಾದರೂ ಕಂಡರೆ ವಯಸ್ಸಾಯಿತು, ಗ್ಯಾಸು ಎಂದು ತಳ್ಳಿಹಾಕಬೇಡಿ. ಹೊಟ್ಟೆ ತಿಕ್ಕಬೇಡಿ, ಜುಲಾಬು ಕೊಡಬೇಡಿ. ಕಾರಣ ಆ ಚೀಲವೇ ಇರಲಿ, ಬೇರೇನೇ ಇರಲಿ, ಅದನ್ನು ಹುಡುಕುವುದು ಡಾಕ್ಟರ ಕೆಲಸ. ತಡಮಾಡದೆ ಅವರ ಹತ್ತಿರ ಕರೆದೊಯ್ಯುವುದು ನಮ್ಮ ಕೆಲಸ. ನಂಬಿಕೆ ಬಾರದಿದ್ದರೆ ನಮ್ಮೂರಿಗೆ ಬನ್ನಿ. ಆಯಿ ಹೊಲಿಗೆಯ ಗುರುತು ತೋರಿಸಿ ತಾನೇ ಹೇಳುತ್ತಾಳೆ: "ಇನ್ನೊಂದಿಷ್ಟು ತಡ ಮಾಡಿದ್ದರ ಈ ಗುರ್ತೂ ಇರ್ತಿರಲಿಲ್ಲ, ನಾನೂ ಇರ್ತಿರಲಿಲ್ಲ."