ದೊರೆ ಯಾಕೆ ಬೋಳಾದ

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವನನ್ನು ಮೈಕಣ್ಣ ಅಂತಲೇ ಕರೆಯುತ್ತಿದ್ದರು. ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾರ ಮಗು ಕೈತಪ್ಪಿದೆ ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ಹೇಳುವುದು ಅವನ ಕೆಲಸ. ಐವತ್ತು ದಾಟಿದರೂ ದನಿ ಮಾತ್ರ ತುಪ್ಪ ಸವರಿದ ಹಾಗಿತ್ತು. ಮದುವೆಯಾಗಿರಲಿಲ್ಲ. ಆಗಲಿಲ್ಲವಲ್ಲ ಅಂತ ಹಲುಬಿದವನೂ ಅಲ್ಲ, ಯಾಕೆಂದರೆ ಮನೆಯಲ್ಲಿ ತಂಗಿ ಇದ್ದಳು. ಅಪ್ಪ ಅಮ್ಮ ಹೋದ ಮೇಲೆ ಅಣ್ಣ ತಂಗಿ ಇಬ್ಬರೂ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಕಿತ್ತಾಡುತ್ತ, ನಗುತ್ತ, ಒಂದೇ ಪೇಪರನ್ನು ಹರಿದು ಹಂಚಿಕೊಂಡು ಓದುತ್ತ ಇದ್ದುಬಿಟ್ಟಿದ್ದರು.

ಮನೆಯ ಮೂರನೇ ಜೀವ ದೊರೆ. ತಂಗಿ ಕೆಲಸಕ್ಕಿದ್ದ ಹಲ್ಲಿನ ಆಸ್ಪತ್ರೆಯ ಹಿಂದೆ ರಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕ ಕಂದು ನಾಯಿಮರಿ. ಬಂದ ದಿನವೇ ಸೋಫಾ ಹತ್ತಿ, ಮನೆ ತನ್ನದೇ ಎಂಬ ಗತ್ತಿನಲ್ಲಿ ಮಲಗಿತ್ತು. "ನೋಡೋ, ದೊರೆ ಬಂದ್ರು" ಅಂದಿದ್ದಳು ತಂಗಿ. ಹೆಸರು ಅಂಟಿಕೊಂಡಿತು. ಊಟ ಹಾಕುವುದು, ಸ್ನಾನ ಮಾಡಿಸುವುದು, ಬೈಯುವುದು ಎಲ್ಲ ಅವಳದೇ. ಸಂಜೆ ಬೀದಿ ಸುತ್ತಿಸುವುದಷ್ಟೇ ಮೈಕಣ್ಣನ ಪಾಲು.

ದೊರೆ ಮುದಿಯಾಗುವ ಹೊತ್ತಿಗೆ, ಯಾರೂ ಎಣಿಸದಿದ್ದಾಗ, ತಂಗಿಗೆ ಮದುವೆ ಕೂಡಿಬಂತು. ಹಲ್ಲು ತೋರಿಸಲು ಬಂದ ಕನ್ನಡಕದಂಗಡಿಯವರೊಬ್ಬರು, ಹೆಂಡತಿ ತೀರಿಕೊಂಡವರು, ಹಲ್ಲು ಸರಿಹೋದ ಮೇಲೂ ಬರತೊಡಗಿದರು. ಒಳ್ಳೆಯ ಮನುಷ್ಯ. ಆದರೆ ಉಬ್ಬಸದ ಕಾಯಿಲೆ. ನಾಯಿಯ ಒಂದು ಕೂದಲು ಸೋಕಿದರೂ ಎದೆ ಸಿಳ್ಳೆ ಹಾಕುತ್ತಿತ್ತು.

"ನಾನು ಹೋದ್ರೆ ನಿನ್ನ ಗತಿ?" ಅಂತ ತಂಗಿ ಕೇಳಿದಳು.

"ನಾನೇನು ಹಾಲು ಕುಡಿಯೋ ಮಗುನಾ? ಹೋಗೇ ಸುಮ್ನೆ. ದೊರೇನ ನಾನು ನೋಡ್ಕೋತೀನಿ."

ಅವಳು ಬೇರೆ ಊರಿಗೆ ಹೋದಳು. ಮನೆಯಲ್ಲಿ ಪೇಪರು ಇಡಿಯಾಗಿ ಉಳಿಯತೊಡಗಿತು.

ಸಂಜೆ ಸಂಜೆ ಅವಳ ಫೋನು. "ನಾನು ಆರಾಮ. ದೊರೇನೂ ಆರಾಮ" ಅನ್ನುತ್ತಿದ್ದ ಮೈಕಣ್ಣ. ಮೊದಮೊದಲು ಅದು ನಿಜವೂ ಆಗಿತ್ತು. ಆಮೇಲೆ ನಾಯಿಯ ಬಾಲದ ರೋಮ ತೆಳುವಾಯಿತು. ಬಳಿಕ ಎರಡೂ ಪಕ್ಕೆಗಳಲ್ಲಿ ಅಳತೆ ಮಾಡಿ ಕತ್ತರಿಸಿದ ಹಾಗೆ ರೋಮ ಉದುರಿತು. ಕೆಳಗಿನ ಚರ್ಮ ಕಪ್ಪಗೆ, ದಪ್ಪಗೆ, ಮುಟ್ಟಿದರೆ ಜಿಡ್ಡು ಜಿಡ್ಡು. ಹೊಟ್ಟೆಯ ಬಳಿ ಕೆಂಪು ಗುಳ್ಳೆಗಳು, ಹಳೇ ಎಣ್ಣೆಯಂಥ ಕಮಟು ವಾಸನೆ. ತಲೆಯ ಮೇಲಿನ ರೋಮ ಮಾತ್ರ ಹಾಗೇ ಇತ್ತು. ದೊರೆಗೆ ಕಿರೀಟ ಉಳಿದು ಪೋಷಾಕು ಹೋದಂತಾಗಿತ್ತು. ಮೊದಲಿನಷ್ಟೇ ತಿಂದರೂ ಮೈ ಊದಿತ್ತು. ಸುತ್ತಾಡಲು ಕರೆದರೆ ಬಾಗಿಲವರೆಗೆ ಬಂದು ಕೂತುಬಿಡುತ್ತಿತ್ತು.

ಕೊರಗು, ಅಂದುಕೊಂಡ ಮೈಕಣ್ಣ. ಬೆಳೆಸಿದವಳು ಬಿಟ್ಟುಹೋದಳು ಅಂತ ಕೊರಗುತ್ತಿದೆ ಪಾಪ. ಹಾಗಂದುಕೊಂಡಾಗ ಅವನಿಗೆ ಸಂಕಟವಾದರೂ ಅದರ ಜೊತೆಗೇ ಒಂದು ಸಮಾಧಾನ. ಅಡುಗೆಮನೆಯ ನೆಲದ ಮೇಲೆ ನಾಯಿಯ ಪಕ್ಕ ಕೂತು, "ನಿಂಗೂ ಅವಳಿಲ್ದೆ ಹೊತ್ತು ಹೋಗಲ್ಲ ಅಲ್ವೇನೋ" ಅನ್ನುತ್ತಿದ್ದ. ಗೂಡಿನಲ್ಲಿ ದಿನವಿಡೀ ಸಾವಿರಾರು ಜನಕ್ಕೆ ಮಾತಾಡಿ ಬಂದವನು, ಮನೆಯಲ್ಲಿ ಆಡುತ್ತಿದ್ದದ್ದು ಅಷ್ಟೇ ಮಾತು.

ತಂಗಿಗೆ ಹೇಳಲಿಲ್ಲ. ಹೇಳಿದರೆ ಓಡಿ ಬರುತ್ತಾಳೆ, ಹೊಸ ಸಂಸಾರ, ಅಲ್ಲಿ ಕಿರಿಕಿರಿ. ತಾನೇ ಕೈಲಾದದ್ದು ಮಾಡಿದ. ಕೊಬ್ಬರಿ ಎಣ್ಣೆ ಸವರಿದ. ನಾಯಿ ನೆಕ್ಕಿ, ಸೋಫಾಕ್ಕೆಲ್ಲ ಒರೆಸಿತು. ತನ್ನ ಕಾಲಿನ ಹುಳುಕಡ್ಡಿಗೆ ತಂದಿದ್ದ ಮುಲಾಮು ಹಚ್ಚಿದ. ಅದನ್ನೂ ನೆಕ್ಕಿ ಇಡೀ ದಿನ ವಾಂತಿ ಮಾಡಿತು. ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ಗೋಡೆಗೆ ಒತ್ತಿಕೊಂಡು ನಿಂತು, "ಅದು ಅಂಟುಜಾಡ್ಯ ಅಲ್ವಾ? ನಮ್ಮನೇಲಿ ಚಿಕ್ಕ ಮಕ್ಕಳಿದಾವೆ" ಅಂದಳು. ಅಂದಿನಿಂದ ಅವನು ಮೆಟ್ಟಿಲಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ನಾಯಿಯನ್ನು ಇಳಿಸತೊಡಗಿದ. ಹಾಗೆ ಅವನ ಪಾಲಿಗಿದ್ದ ನಾಲ್ಕು ಕುಶಲದ ಮಾತುಗಳೂ ನಿಂತವು.

ಒಂದು ಸಂಜೆ ತಂಗಿ, "ಮುಂದಿನ ತಿಂಗಳು ಬರ್ತೀನಿ ಕಣೋ. ದೊರೇನ ನೋಡ್ಬೇಕು ಅನ್ನಿಸ್ತಿದೆ" ಅಂದಳು. ಮರುದಿನವೇ ಮೈಕಣ್ಣ ರಜೆ ಹಾಕಿ, ಹಳೇ ಚಾದರದಲ್ಲಿ ನಾಯಿಯನ್ನು ಸುತ್ತಿಕೊಂಡು ಪಶುವೈದ್ಯರ ಬಳಿ ಹೋದ.

ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ಬ್ಲೇಡಿನ ಮೊಂಡು ತುದಿಯಿಂದ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಿವಿಯೊಳಗೆ ನೋಡಿದರು. ಮುಂಗಾಲಿನಿಂದ ರಕ್ತ ತೆಗೆದರು.

"ತುಂಬಾ ಮಲಗುತ್ತಾ?"

"ಹೌದು. ಸದಾ ಮಂಕು."

"ಬೆಚ್ಚಗಿರೋ ಜಾಗ ಹುಡುಕುತ್ತಾ?"

"ನನ್ನ ಬೆನ್ನಿಗೇ ಅಂಟ್ಕೊಂಡು ಮಲಗುತ್ತೆ ಡಾಕ್ಟ್ರೆ. ಅದೂ..." ನಾಯಿಯ ಚಾದರ ಸರಿಮಾಡಿದ. "ನನ್ನ ತಂಗಿ ಸಾಕಿದ್ದು. ಅವಳು ಮದುವೆಯಾಗಿ ಹೋದಳು. ಆವಾಗಿಂದ ಕೊರಗ್ತಿದೆ."

ಅವರು ಅದನ್ನೂ ಚೀಟಿಯಲ್ಲಿ ಬರೆದುಕೊಂಡರು. ರಕ್ತದ ಫಲಿತಾಂಶ ಬಂದ ದಿನ ಮತ್ತೆ ಕರೆದು ಕೂರಿಸಿ ಬಿಡಿಸಿ ಹೇಳಿದರು. ಚರ್ಮದಲ್ಲಿ ಹುಳ ಇಲ್ಲ, ಅಂಟುವ ರೋಗವೂ ಅಲ್ಲ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಸೋತಿದೆ. ವಯಸ್ಸಾದ ನಾಯಿಗಳಿಗೆ ಬರುತ್ತದೆ. ಮೈಗೆ ಬಿಸಿ ಸಾಲದು, ಅದಕ್ಕೇ ಬೆಚ್ಚಗಿನ ಜಾಗ ಹುಡುಕುತ್ತದೆ. ರೋಮ ಉದುರುತ್ತದೆ, ಮಂಕು ಕವಿಯುತ್ತದೆ. ಚರ್ಮ ಸೋತಾಗ ಅದರ ಮೇಲೆ ಸೋಂಕು ಕೂತಿದೆ. ಗ್ರಂಥಿಗೆ ಬದುಕಿರುವತನಕ ಮಾತ್ರೆ, ಸೋಂಕಿಗೆ ಬೇರೆ ಔಷಧಿ, ಜೊತೆಗೆ ಔಷಧಿಯ ಶಾಂಪೂ. "ನೊರೆ ಹಚ್ಚಿದ ತಕ್ಷಣ ತೊಳೀಬೇಡಿ, ಹತ್ತು ನಿಮಿಷ ಹಾಗೇ ಬಿಡಿ. ರೋಮ ಬರೋಕೆ ತಿಂಗಳುಗಟ್ಟಲೆ ಆಗುತ್ತೆ, ಆತುರಪಡಬೇಡಿ. ಮನುಷ್ಯರ ಮುಲಾಮು ಮಾತ್ರ ಇನ್ನೊಮ್ಮೆ ಹಚ್ಚಬೇಡಿ."

"ಹಾಗಾದ್ರೆ ಕೊರಗಲ್ಲವಾ?"

"ಅಲ್ಲ. ಇದು ಗ್ರಂಥಿಯದೇ ಕೆಲಸ" ಅಂದರು ಡಾಕ್ಟರಮ್ಮ, ಅವನಿಗೆ ಸಂತೋಷವಾಗಲಿ ಅಂತ.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಆ ಮನೆಯಲ್ಲಿ ತಂಗಿಯ ನೆನಪಲ್ಲಿ ಬೇಯುತ್ತಿರುವವರು ಇಬ್ಬರು ಅಂದುಕೊಂಡಿದ್ದ. ಒಬ್ಬನೇ ಅಂತಾಯಿತು. ನಾಯಿ ಅವನ ಬೆನ್ನಿಗೆ ಅಂಟಿಕೊಂಡದ್ದೂ ದುಃಖ ಹಂಚಿಕೊಳ್ಳಲಿಕ್ಕಲ್ಲ, ಚಳಿಗೆ.

ಆದರೂ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಬೆಳಿಗ್ಗೆ ಸಂಜೆ ಖಾಲಿ ಹೊಟ್ಟೆಗೆ ಮಾತ್ರೆ. ಸ್ನಾನದ ದಿನ ಬಚ್ಚಲಲ್ಲಿ ಪಂಚೆ ಎತ್ತಿಕಟ್ಟಿ ಕೂತು ಉಗುರುಬೆಚ್ಚಗಿನ ನೀರು ಹೊಯ್ದು, ನೊರೆ ಹಚ್ಚಿ, ಕಪ್ಪು ಚರ್ಮವನ್ನು ಬೆರಳ ತುದಿಯಿಂದ ಮೆಲ್ಲಗೆ ತಿಕ್ಕುತ್ತಿದ್ದ. ನಾಯಿ ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ಮೊದಲು ವಾಸನೆ ಹೋಯಿತು, ಆಮೇಲೆ ಗುಳ್ಳೆಗಳು ಒಣಗಿದವು. ರೋಮದ ಸುಳಿವಿಲ್ಲ.

ತಂಗಿ ಬಂದಾಗಲೂ ನಾಯಿ ಬೋಳಾಗಿಯೇ ಇತ್ತು. ಬಾಗಿಲಲ್ಲೇ ನೋಡಿ ಅವಳ ಕೈಚೀಲ ಜಾರಿಬಿತ್ತು.

"ಇದೇನೋ ಇದು! ಯಾವಾಗಿಂದ ಹೀಗೆ?"

"ಸ್ವಲ್ಪ ದಿನದಿಂದ. ಈಗ ಚಿಕಿತ್ಸೆ ನಡೀತಿದೆ. ಗಾಬರಿಯಾಗುವ ಅಗತ್ಯವಿಲ್ಲ."

"ನನ್ ಹತ್ರ ಬಸ್‌ಸ್ಟ್ಯಾಂಡ್ ದನೀಲಿ ಮಾತಾಡ್ಬೇಡ. ಇಷ್ಟು ದಿನ ಆರಾಮ, ಆರಾಮ ಅಂತ ನನ್ ಕಿವಿಗೆ ಹೂವಿಟ್ಟೆಯಲ್ಲ!"

ಬೈಯುತ್ತಲೇ ತೋಳು ಮಡಚಿ ಬಚ್ಚಲಿಗೆ ನಡೆದಳು. ಅಂದು ಸ್ನಾನದ ದಿನ. ಅಣ್ಣ ನೀರು ಹೊಯ್ದ, ತಂಗಿ ನೊರೆ ಹಚ್ಚಿದಳು. ನೊರೆ ಬಿಡಬೇಕಾದಷ್ಟು ಹೊತ್ತು ಇಬ್ಬರೂ ಮಣೆಯ ಮೇಲೆ ಕೂತರು.

"ನಿನಗೋಸ್ಕರ ಕೊರಗ್ತಿದಾನೆ ಅಂದ್ಕೊಂಡಿದ್ದೆ" ಅಂದ ಮೈಕಣ್ಣ. "ಕೊರಗಲ್ಲವಂತೆ. ಗ್ರಂಥಿಯಂತೆ."

ತಂಗಿ ನಾಯಿಯ ಬೆನ್ನ ಮೇಲಿಂದ ಅವನ ಮುಖವನ್ನೇ ನೋಡಿದಳು. "ಹಾಗಾದ್ರೆ ನೀನು?"

ಅವನು ಚೊಂಬಿನಲ್ಲಿ ಬೆರಳಾಡಿಸಿದ. "ನನ್ನದು ಗ್ರಂಥಿ ಅಲ್ಲ."

ನಾಯಿಯ ಕಿವಿಯ ಮೇಲಿನ ನೊರೆ ಒರೆಸುತ್ತ ಅವಳು ಹೇಳಿದಳು: "ಅಲ್ಲಿ ಎಲ್ಲಾ ಮೆತ್ತಗೆ ಮಾತಾಡ್ತಾರೆ ಕಣೋ. ಒಳ್ಳೇ ಜನ. ಒಂದು ಜೋರು ಜಗಳ ಆಡೋಕೂ ಯಾರಿಲ್ಲ."

'ಬಂದುಬಿಡು' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಅಲ್ಲೇ ನುಂಗಿದ. ಬರುತ್ತೇನೆ ಅಂತ ಅವಳೂ ಅನ್ನಲಿಲ್ಲ. ನೊರೆ ತೊಳೆದು, ಟವೆಲಿನಲ್ಲಿ ನಾಯಿಯನ್ನು ಒತ್ತಿ ಒರೆಸಿದರು. ಹೊರಡುವ ಮುಂಚೆ ಅವಳು ತಾನೂ ಮಿಂದು, ಚೀಲದಲ್ಲಿ ತಂದಿದ್ದ ಬೇರೆ ಬಟ್ಟೆ ಉಟ್ಟಳು. ಗಂಡನಿಗೆ ಉಬ್ಬಸ ಏಳಬಾರದಲ್ಲ. ನಾಯಿ ಸೋಕಿದ ಬಟ್ಟೆಯನ್ನು ಇಲ್ಲೇ ಬಿಟ್ಟುಹೋದಳು. ಮೈಕಣ್ಣ ಅದನ್ನು ಒಗೆದು, ಇಸ್ತ್ರಿ ಮಾಡಿ, ಅವಳ ಖಾಲಿ ಕಪಾಟಿನಲ್ಲಿಟ್ಟ.

ಚಳಿ ಮುಗಿಯುವ ಹೊತ್ತಿಗೆ ದೊರೆಯ ಪಕ್ಕೆಗಳಲ್ಲಿ ನುಣುಪಾದ ರೋಮ ಮೂಡಿತು, ಕಂದಲ್ಲ, ಬೂದುಬಣ್ಣದ್ದು. ಬಾಲ ಮಾತ್ರ ಇಲಿಬಾಲದಂತೆಯೇ ಉಳಿಯಿತು. ನಾಯಿಗೆ ಹುರುಪು ಬಂದಿತ್ತು. ಹಗ್ಗ ಕಂಡರೆ ಕುಣಿಯುತ್ತಿತ್ತು. ಈಗ ಅದು ಅವನ ಬೆನ್ನ ಬಳಿ ಮಲಗುತ್ತಿರಲಿಲ್ಲ. ಬಾಲ್ಕನಿಯ ತಣ್ಣನೆಯ ನೆಲವೇ ಅದಕ್ಕೆ ಹಿತವಾಗಿತ್ತು. ಒಳಗಿನಿಂದ ಮೈಕಣ್ಣ ಒಮ್ಮೊಮ್ಮೆ ಕೂಗುತ್ತಿದ್ದ. ಅದು ತಲೆಯೆತ್ತಿ, ಬಾಲ ಒಮ್ಮೆ ಬಡಿದು, ಮತ್ತೆ ಬೀದಿ ನೋಡುತ್ತಿತ್ತು. ಅವನು ಸ್ವಲ್ಪ ಹೊತ್ತು ಕಾದು, ದಿಂಬು ಎತ್ತಿಕೊಂಡು ತಾನೇ ಬಾಲ್ಕನಿಗೆ ಹೋಗುತ್ತಿದ್ದ.