ಮೂವತ್ತೊಂದು ಹಲ್ಲಿನ ಬಾಚಣಿಗೆ

ಆ ಬಾಚಣಿಗೆಯ ಚರಿತ್ರೆ ಬರೆಯುವ ಕೆಲಸ ಅವಳ ಪಾಲಿಗೆ ಬಂದಾಗ ಅದರ ಚಿತ್ರ ಆಗಲೇ ಸಿದ್ಧವಾಗಿತ್ತು. ಬೂದು ಬಣ್ಣದ ಮೂಳೆ, ಅಂಗೈಯಷ್ಟು ಉದ್ದ, ಬೆನ್ನಿನ ಮೇಲೆ ಅಲೆಗಳಂಥ ಗೀರು. ಪರದೆಯ ಮೇಲೆ ಅದು ನೀರಿಗೆ ಬಿದ್ದ ಎಲೆಯ ಹಾಗೆ ನಿಧಾನವಾಗಿ ತಿರುಗುತ್ತಿತ್ತು. ಅದರಿಂದ ಯಾರ ತಲೆ ಬಾಚಿದರೂ ಅವರು ಬಾಚಿದವರ ಮಾತಿಗೆ ಹೂಂ ಅನ್ನುತ್ತಾರೆ. ಆಟದಲ್ಲಿ ಅದರ ಗುಣ ಇಷ್ಟೇ. ಅದು ಎಲ್ಲಿಂದ ಬಂತು, ಯಾರ ಯಾರ ಕೈ ದಾಟಿ ಬಂತು ಎಂಬುದನ್ನೆಲ್ಲ ಅವಳು ಹುಟ್ಟಿಸಬೇಕಿತ್ತು.

ವಿಡಿಯೋ ಗೇಮ್ ತಯಾರಿಸುವ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ‘ಪುರಾಣ’ ಅಂತಲೇ ಕರೆಯುತ್ತಿದ್ದರು. ಕತ್ತಿ, ಗಂಟೆ, ಬೀಗದ ಕೈ, ಬಾಯಿ ಒಡೆದ ಹೂಜಿ, ಹೀಗೆ ಆಡುವವನಿಗೆ ಸಿಗುವ ಪ್ರತಿ ವಸ್ತುವಿಗೂ ಒಂದು ಹಿಂದಿನ ಜನ್ಮ ಬರೆಯುವುದು ಅವಳ ಕೆಲಸ. ನೂರಕ್ಕೆ ತೊಂಬತ್ತು ಜನ ಅದನ್ನು ಓದದೆ ಗುಂಡಿ ಒತ್ತಿ ಮುಂದೆ ಹೋಗುತ್ತಾರೆಂದು ಅವಳಿಗೆ ಗೊತ್ತಿತ್ತು. ಅದು ಅವಳಿಗೆ ಹಿತವಾಗಿಯೂ ಇತ್ತು. ಯಾರೂ ಕೇಳಿಸಿಕೊಳ್ಳದ ಕಡೆ ಮಾತಾಡುವುದು ಸುಲಭ.

ಕತ್ತಿಗೆ ಅರ್ಧ ದಿನ ಸಾಕಾಗುತ್ತಿತ್ತು. ಬಾಚಣಿಗೆ ಮೂರು ವಾರ ತಿಂದಿತು.

ಮೊದಲು ಒಬ್ಬ ದೋಣಿಯವನ ಹೆಂಡತಿ ಬಂದಳು. ದಡಕ್ಕೆ ಬಿದ್ದ ತಿಮಿಂಗಿಲದ ಪಕ್ಕೆಲುಬನ್ನು ಕೆತ್ತಿ ಮೂವತ್ತೆಂಟು ಹಲ್ಲಿನ ಬಾಚಣಿಗೆ ಮಾಡಿದಳು. ಗಂಡ ಕಡಲಿಗೆ ಹೋಗದಿರಲಿ ಅಂತ ದಿನಾ ಬೆಳಿಗ್ಗೆ ಅವನ ತಲೆ ಬಾಚಿದಳು. ಅವನು ಹೋಗಲಿಲ್ಲ. ಬಾಗಿಲಲ್ಲಿ ಕೂತು ಕಡಲು ನೋಡುತ್ತಾ ನೋಡುತ್ತಾ ಮುದುಕನಾದ. ಅವಳ ಕೈಯಿಂದ ಬಾಚಣಿಗೆ ಜಾರಿ ಹೋದ ದಿನ ಅದರ ಒಂದು ಹಲ್ಲು ತಾನಾಗಿ ಉದುರಿತು. ಆಮೇಲೆ ಒಬ್ಬ ದಾದಿ ಬಂದಳು. ಅವಳು ತಲೆ ಬಾಚುತ್ತಿದ್ದ ರಾಜಕುಮಾರ ತನ್ನ ಪಾಲಿನ ನದಿಯನ್ನು ಅರೆನಿದ್ದೆಯಲ್ಲೇ ತಮ್ಮನಿಗೆ ಬಿಟ್ಟುಕೊಟ್ಟ. ಸೇನೆಯ ಕ್ಷೌರಿಕನೊಬ್ಬ ಒಂದೇ ಬೆಳಿಗ್ಗೆ ನಾನೂರು ಸೈನಿಕರ ತಲೆ ಬಾಚಿ, ‘ಮನೆಗೆ ಹೋಗಿ’ ಅಂದ, ಹೋದರು. ಯುದ್ಧದ ಬಯಲಲ್ಲಿ ಹುಲ್ಲು ಬೆಳೆಯಿತು. ಕೈ ಬದಲಾದಾಗೆಲ್ಲ ಒಂದು ಹಲ್ಲು ಉದುರಿತು. ಚಿತ್ರದಲ್ಲಿ ಉಳಿದಿದ್ದವು ಮೂವತ್ತೊಂದು. ಅಂದರೆ ಏಳು ಜನ ಒಡೆಯರು. ಆರು ಜನ ಕನಸಿನಲ್ಲಿ ಬಂದ ಹಾಗೆ ಸಲೀಸಾಗಿ ಬಂದರು. ಏಳನೆಯವರು ಬರಲೇ ಇಲ್ಲ.

ಏಳನೆಯವರು ಯಾರೆಂದು ಅವಳಿಗೆ ಗೊತ್ತಿತ್ತು. ಬರೆಯಲು ಧೈರ್ಯ ಇರಲಿಲ್ಲ.

ಅಮ್ಮ ತೀರಿಕೊಂಡಾಗ ಅವಳಿಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಅಂದಿನಿಂದ ಅವಳ ತಲೆ ಬಾಚಿದವಳು ಅಕ್ಕ. ಈಗ ಇವಳಿಗೆ ಮೂವತ್ತೆರಡು ತುಂಬಿದರೂ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ ಕೆಲಸಕ್ಕೆ ಹೊರಡುವ ಮೊದಲು ಅಡುಗೆಮನೆಯ ಕಿಟಕಿಯ ಹತ್ತಿರ ಸ್ಟೂಲು ಎಳೆದು ‘ಬಾ ಪುಟ್ಟಿ’ ಅನ್ನುತ್ತಿದ್ದಳು. ಯಾವ ಕಾಲೇಜು, ಯಾವ ಬಣ್ಣದ ಕೋಟು, ಯಾರ ಜೊತೆ ಸ್ನೇಹ ಸಾಕು ಅನ್ನುವುದೆಲ್ಲ ತೀರ್ಮಾನವಾದದ್ದು ಆ ಸ್ಟೂಲಿನ ಮೇಲೆ. ಬಾಚಣಿಗೆ ನೆತ್ತಿಯಿಂದ ಇಳಿಯುವಾಗ ತಲೆಯೊಳಗಿನ ಮಾತುಗಳೂ ಒಂದೊಂದಾಗಿ ಇಳಿದುಹೋಗುತ್ತಿದ್ದವು. ಕೊನೆಗೆ ಉಳಿಯುತ್ತಿದ್ದದ್ದು ‘ಹೂಂ’ ಒಂದೇ.

ಅಕ್ಕನಿಗೆ ಕಡಲತೀರದ ದೂರದ ಊರಿಗೆ ವರ್ಗವಾಗಿತ್ತು. ರೈಲಿನಲ್ಲಿ ಎರಡು ದಿನದ ದಾರಿ. ‘ನೀನೂ ಬರ್ತೀಯ ತಾನೆ?’ ಅಂದಿದ್ದಳು. ಇವಳು ಹೂಂ ಅಂದಿದ್ದಳು. ಭಾನುವಾರಕ್ಕೆ ಎರಡು ಟಿಕೆಟ್ ಬಂದಿತ್ತು. ಕೆಲಸ ಬಿಡುತ್ತೇನೆಂದು ಇವಳು ಕಚೇರಿಯಲ್ಲಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಒಂದು ಮೇಜು, ಎದುರಿನ ಗೋಡೆಯ ಮೇಲೆ ಮಧ್ಯಾಹ್ನ ಬರುವ ಬಿಸಿಲು, ಯಾರೂ ಓದದ ಚರಿತ್ರೆಗಳು. ಆದರೆ ಆ ಸ್ಟೂಲಿನ ಮೇಲೆ ತೀರ್ಮಾನವಾಗದೆ ಅವಳಿಗೆ ಸಿಕ್ಕಿದ್ದು ಇದೊಂದೇ.

ಗುರುವಾರ ಮಧ್ಯಾಹ್ನ, ಕಚೇರಿಯವರು ತಕರಾರಪ್ಪ ಎಂದು ಕರೆಯುವ ಹಿರಿಯರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ಇಡೀ ದಿನ ಆಟ ಆಡಿ ಅದರ ತಪ್ಪು ಹುಡುಕುವುದು ಅವರ ಕೆಲಸ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಈಗಲೂ ಏನನ್ನೇ ನೋಡುವಾಗ ಒಂದು ಕಣ್ಣು ಕಿರಿದು ಮಾಡುತ್ತಿದ್ದರು.

“ಏನಮ್ಮಾ ಪುರಾಣ, ಬಿಡುವಿದ್ಯಾ?”

“ನಿಮ್ಮ ಮುಖ ನೋಡಿದ್ರೆ ಇಲ್ಲ ಅನ್ಬೇಕು ಅನ್ಸುತ್ತೆ.”

“ಅನ್ನು ನೋಡೋಣ. ನಿನ್ನ ಕೈಲಿ ಆಗಲ್ಲ. ಅದಕ್ಕೇ ಎಲ್ಲರೂ ನಿನ್ನ ಹತ್ರಾನೇ ಬರೋದು.” ಅವರು ಕನ್ನಡಕ ಒರೆಸಿಕೊಂಡರು. “ನಿನ್ನ ಬಾಚಣಿಗೆ ಕೆಟ್ಟಿದೆ.”

“ಕೆಲಸ ಮಾಡ್ತಿಲ್ವಾ?”

“ಮಾಡ್ತಿದೆ. ಅದೇ ತಕರಾರು.” ಅವರು ಪರದೆಯ ಮೇಲೆ ಬೆರಳಿಟ್ಟರು. “ಇಲ್ಲಿ ನೋಡು, ಶಕ್ತಿ ಎಷ್ಟಿದೆ? ಸೊನ್ನೆ. ನಮ್ಮ ಪ್ರೋಗ್ರಾಮರ್ ಮಹಾಶಯ ತುಂಬೋದೇ ಮರೆತಿದ್ದಾನೆ. ಆರು ತಿಂಗಳಿಂದ ಅದು ಬರೀ ಮೂಳೆ. ಮಂತ್ರವೂ ಇಲ್ಲ, ಮಣ್ಣೂ ಇಲ್ಲ. ಆದ್ರೂ ಆಟದ ಜನ ಎಲ್ಲ ಹೂಂ ಹೂಂ ಅಂತ ಕುರಿಗಳ ಹಾಗೆ ಹಿಂದೆ ಬರ್ತಾರೆ! ಎರಡು ದಿನ ಹುಡುಕಿದೆ ಕಣಮ್ಮ. ಹುಚ್ಚು ಹಿಡಿಯೋದೊಂದು ಬಾಕಿ.”

“ಮತ್ತೆ ಯಾಕೆ ಒಪ್ತಾರೆ?”

“ನೀನು ‘ಬೇಡ’ ಅನ್ನೋ ಮಾತು ಬರೆದೇ ಇಲ್ಲ.”

ಆಟದ ಪಾತ್ರಗಳು ಆಡುವ ಮಾತನ್ನೂ ಅವಳೇ ಬರೆಯಬೇಕಿತ್ತು; ಆ ಹಾಳೆಯಲ್ಲಿ ಪ್ರತಿಯೊಂದು ಪಾತ್ರಕ್ಕೂ ಎರಡು ಕಾಲಂ ಇರುತ್ತಿದ್ದವು. ಒಪ್ಪಿದರೆ ಆಡುವ ಮಾತು ಎಡಕ್ಕೆ, ಒಪ್ಪದಿದ್ದರೆ ಆಡುವ ಮಾತು ಬಲಕ್ಕೆ. ತಕರಾರಪ್ಪ ಹಾಳೆಯನ್ನು ಮೇಲಿಂದ ಕೆಳಗೆ ಓಡಿಸಿದರು. ಬಲಗಡೆ ಉದ್ದಕ್ಕೂ ಬಿಳಿ.

“ಖಾಲಿ ಸಿಕ್ಕರೆ ಆಟ ಏನು ಮಾಡುತ್ತೆ? ಇರೋದನ್ನೇ ಎತ್ಕೊಳ್ಳುತ್ತೆ. ನಲವತ್ತು ಜನ ಇದ್ದಾರಮ್ಮ ಇಲ್ಲಿ, ನಿನ್ನ ದೋಣಿಯವನೂ ಸೇರಿ. ಒಬ್ಬರಿಗಾದ್ರೂ ಬೇಡವಾ?”

“ಅವರು ಬೇಡ ಅನ್ನೋದೇ ಇಲ್ಲವಲ್ಲ ಅಂತ…”

“ಅನ್ನೋದು ಬಿಡೋದು ಅವರಿಷ್ಟ. ಮಾತು ಇರಬೇಕು ತಾನೆ? ನಾಳೆ ಮಧ್ಯಾಹ್ನದೊಳಗೆ ಬರ್ಕೊಡು. ಉದ್ದ ಬೇಡ, ಒಂದು ಪದ ಸಾಕು.”

ಒಂದು ಪದ. ಎಲ್ಲರೂ ಮನೆಗೆ ಹೋಗುವ ಹೊತ್ತಿನವರೆಗೂ ಅವಳು ಆ ಬಿಳಿಯ ಎದುರು ಕೂತಿದ್ದಳು. ಬರೆದಳು, ಅಳಿಸಿದಳು. ಬಿಸಿಲು ಗೋಡೆ ಹತ್ತಿ, ಮೂಲೆಗೆ ಸರಿದು, ಆರಿಹೋಯಿತು.

ಶುಕ್ರವಾರ ಬೆಳಿಗ್ಗೆ ಅಕ್ಕ ಸ್ಟೂಲು ಎಳೆದಳು. ಕಿಟಕಿಯಾಚೆ ಎದುರುಮನೆಯವರು ಒಣಹಾಕಿದ್ದ ಬಿಳಿ ಹೊದಿಕೆ ಗಾಳಿಗೆ ಉಬ್ಬುತ್ತಾ ಕುಗ್ಗುತ್ತಾ ಇತ್ತು.

“ಅಲ್ಲಿ ಮನೆಗೆ ಎರಡು ಕೋಣೆಯಂತೆ. ಬೆಳಕಿರೋದು ನಿಂಗೆ,” ಅಂದಳು ಅಕ್ಕ. ಬಾಚಣಿಗೆ ನೆತ್ತಿಯಿಂದ ಇಳಿಯಿತು. “ಆಫೀಸಲ್ಲಿ ಹೇಳಿದ್ಯಾ? ಇಲ್ಲ ತಾನೆ? ನಂಗೊತ್ತು ನಿನ್ನ ಕತೆ. ಇವತ್ತು ಹೇಳಿಬಿಡು. ಹೂಂ?”

ಎದೆಯಿಂದ ಹೂಂ ತಾನಾಗಿ ಮೇಲೇಳುತ್ತಿತ್ತು. ಹೊದಿಕೆ ಉಬ್ಬಿತು. ದೋಣಿಯವನು ಬಾಗಿಲಲ್ಲಿ ಕೂತಿದ್ದ. ಅವನ ಬಲಗಡೆಯೂ ಬರೀ ಬಿಳಿ. ಬಾಚಣಿಗೆಗೆ ಶಕ್ತಿ ಇರಲಿಲ್ಲ. ಅದು ಎಂದೂ ಇರಲಿಲ್ಲ.

“ಬೇಡ ಅಕ್ಕ.”

“ಏನು ಬೇಡ? ಎಳೀತಿದ್ಯಾ?”

“ನಾನು ಬರಲ್ಲ.”

ಬಾಚಣಿಗೆ ಅರ್ಧ ದಾರಿಯಲ್ಲಿ ನಿಂತಿತು.

“ಟಿಕೆಟ್ ತಗೊಳ್ಳೋ ಮುಂಚೆ ಹೇಳೋಕೆ ಏನಾಗಿತ್ತು, ಕತ್ತೆ?”

“ನೀನು ಕೇಳಲಿಲ್ಲ.”

“ಕೇಳ್ದೆ. ದಿನಾ ಕೇಳ್ದೆ. ನೀನು ದಿನಾ ಹೂಂ ಅಂದೆ.” ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸ ಇತ್ತು. “ಹದಿನಾರು ವರ್ಷಕ್ಕೆ ನಂಗೇನು ಗೊತ್ತಿತ್ತು ಹೇಳು? ನೀನು ಹೂಂ ಅಂದ್ರೆ ನಾನು ಹೇಳಿದ್ದು ಸರಿ ಅನ್ಕೊಂಡೆ.”

ಇವಳು ತಿರುಗಿ ನೋಡಿದಳು. ಅಕ್ಕನ ಕಿವಿಯ ಹಿಂದೆ ಕೂದಲು ಬೆಳ್ಳಗಾಗಿತ್ತು, ಸಿಕ್ಕುಗಟ್ಟಿತ್ತು. ಇಪ್ಪತ್ತಾರು ವರ್ಷದಲ್ಲಿ ಆ ತಲೆಯನ್ನು ಯಾರೂ ಬಾಚಿರಲಿಲ್ಲ. ಅವಳು ಎದ್ದು, ಅಕ್ಕನ ಭುಜ ಒತ್ತಿ ಸ್ಟೂಲಿನ ಮೇಲೆ ಕೂರಿಸಿದಳು. ಬಾಚಣಿಗೆ ಅವಳ ಕೈಗೆ ಬಂತು.

ಮೊದಲು ಅಕ್ಕ ಬಿಗಿಯಾಗಿ ಕೂತಿದ್ದಳು. ಹತ್ತು ಸಲ ಬಾಚುವಷ್ಟರಲ್ಲಿ ಕತ್ತು ಸಡಿಲವಾಯಿತು, ಕಣ್ಣು ಮುಚ್ಚಿತು.

“ಈಗ ನೀನೇ ಹೇಳು ಪುಟ್ಟಿ,” ಅಂದಳು ನಿದ್ದೆಯಲ್ಲಿದ್ದವಳ ಹಾಗೆ. “ನಾನೊಬ್ಬಳೇ ಹೋಗ್ಲಾ? ವರ್ಗ ಬೇಡ ಅಂತ ಬರ್ದುಕೊಟ್ಟು ಇಲ್ಲೇ ಇದ್ದುಬಿಡ್ಲಾ?”

ಇರು ಅಂದರೆ ಸಾಕು, ಅಕ್ಕ ಹೂಂ ಅನ್ನುತ್ತಾಳೆ. ಅದು ಅವಳಿಗೆ ಬೆರಳತುದಿಯಲ್ಲೇ ಗೊತ್ತಾಯಿತು. ಅಕ್ಕನಿಲ್ಲದ ಅಡುಗೆಮನೆ, ಖಾಲಿ ಸ್ಟೂಲು, ಎಲ್ಲ ಕಣ್ಣೆದುರು ಬಂತು. ‘ಇರು’ ನಾಲಿಗೆಯ ತುದಿಯವರೆಗೂ ಬಂತು. ಅವಳು ಅದನ್ನು ನುಂಗಿಕೊಂಡು, ಸಿಕ್ಕು ಬಿಡಿಸುತ್ತಾ ನಿಂತಳು. ಹೊದಿಕೆ ಉಬ್ಬಿ ಕುಗ್ಗಿತು, ಮತ್ತೆ ಉಬ್ಬಿತು.

“ಹೋಗ್ತೀನಿ,” ಅಂದಳು ಅಕ್ಕ ಕೊನೆಗೆ, ಕಣ್ಣು ತೆರೆಯದೆ. “ನಂಗೆ ಕಡಲು ನೋಡ್ಬೇಕು ಕಣೇ. ಯಾವತ್ತೂ ನೋಡಿಲ್ಲ.”

ಆ ಮಧ್ಯಾಹ್ನ ಬಲಗಡೆಯ ಕಾಲಂ ತುಂಬಿತು. ನಲವತ್ತು ಜನಕ್ಕೂ ಬೇರೆ ಬೇರೆ ‘ಬೇಡ’ಗಳು. ಏಳನೆಯ ಒಡತಿಗೆ ಅವಳು ಬರೆದದ್ದು ಒಂದೇ ಸಾಲು: ‘ಇವಳು ಬಾಚಿದಳು, ಏನನ್ನೂ ಕೇಳಲಿಲ್ಲ.’

ಸಂಜೆ ತಕರಾರಪ್ಪ ಒಂದು ಕಣ್ಣು ಕಿರಿದು ಮಾಡಿಕೊಂಡು ಬಂದರು.

“ಮಾತೆಲ್ಲ ಸರಿಯಾಗಿದೆ. ಆ ದೋಣಿಯವನದೇ ಒಂದು ವಿಚಿತ್ರ. ಈಗ ಬೇಡ ಅಂತಾನೆ, ಆದ್ರೆ ಎದ್ದು ಹೋಗಲ್ಲ. ತಲೆ ಬಗ್ಗಿಸಿ ಅಲ್ಲೇ ಕೂತಿರ್ತಾನೆ, ಬಾಚಲಿ ಅನ್ನೋ ಹಾಗೆ. ತಪ್ಪಾ, ಬೇಕಂತ ಬರೆದದ್ದಾ?”

ಅವಳು ಪರದೆಯ ಕಡೆ ನೋಡಿದಳು. ದೋಣಿಯವನ ಹಿಂದೆ ಕಡಲು ಸದ್ದಿಲ್ಲದೆ ಬಂದು ಹೋಗುತ್ತಿತ್ತು.

“ತಿದ್ದಬೇಡಿ,” ಅಂದಳು. “ಇನ್ನೊಂದು ಸ್ವಲ್ಪ ಹೊತ್ತು ಕೂತಿರಲಿ.”